ಯುದ್ಧದ ಹಡಗಿಗೆ ಬಾಗಿಲು ನಿಲ್ಲಿಸಿದ್ದು

ಆ ಹಡಗನ್ನು ನಾನು ಮೊದಲು ನೋಡಿದ್ದು ಓಕ್ಲ್ಯಾಂಡಿನ ಒಂದು ಹಳೆಯ ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ನೋಡಲು ಹಡಗಿನ ಹಾಗೇನೂ ಇರಲಿಲ್ಲ. ಕಿಟಕಿಯಿಲ್ಲದ, ತಿಳಿಹಸಿರು ಬಣ್ಣ ಬಳಿದ ಒಂದು ಕೋಣೆ, ಒಳಗೊಂದು ಮಂಚ, ಮಂಚದ ಮೇಲಕ್ಕೆ ಇಳಿಬಿದ್ದ ಒಂದು ಯಂತ್ರ. ಗೋಡೆ, ಸೂರು, ನೆಲ ಎಲ್ಲವೂ ಸುಮಾರು ಗೇಣು ದಪ್ಪದ ಉಕ್ಕು. ಆ ಉಕ್ಕು ಒಂದು ಕಾಲದಲ್ಲಿ ಬ್ರಿಟಿಷ್ ಯುದ್ಧನೌಕೆಯೊಂದರ ಪಕ್ಕೆಗೆ ತೊಡಿಸಿದ್ದ ಕವಚ ಎಂದು ಹೇಳಿದಾಗ ನಾನು ನಂಬದೆ ಗೋಡೆಯನ್ನು ಬೆರಳಿನಿಂದ ಬಡಿದು ನೋಡಿದೆ. ಸದ್ದು ಬರಲಿಲ್ಲ, ಬೆರಳಿಗೆ ನೋವಾಯಿತು.

ಆ ಕೋಣೆಯನ್ನು ಬಿಚ್ಚಿ, ಕೊಲ್ಲಿಯ ಆಚೆ ದಡದ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿಗೆ ಸಾಗಿಸಿ, ಮತ್ತೆ ಇದ್ದ ಹಾಗೆಯೇ ಕಟ್ಟಿಕೊಡುವುದು ನನಗೆ ಬಂದ ಕೆಲಸ. ಭಾರದ ಯಂತ್ರಗಳನ್ನು ಎತ್ತಿ ಇಳಿಸುವ ಕಂಪನಿಯಲ್ಲಿ ನಾನು ಇಂಜಿನಿಯರು. ಮಂಡ್ಯದ ನಮ್ಮತ್ತೆಗೆ ಇದನ್ನು ಬಿಡಿಸಿ ಹೇಳಲು ಹೋಗಿ ಸೋತು, ಸಾಮಾನು ಸಾಗಿಸುವ ಕಂಪನಿ ಎಂದುಬಿಟ್ಟಿದ್ದೆ. ಸೊಸೆ ಅಷ್ಟು ಓದಿ ಅಮೆರಿಕದಲ್ಲಿ ಲಾರಿಗೆ ಮಂಚ ಬೀರು ಹೇರುತ್ತಾಳಂತೆ ಎಂದು ಅವರು ಬೀದಿಗೆಲ್ಲ ಹೇಳಿಕೊಂಡು ಬಂದರು. ಪೂರ್ತಿ ಸುಳ್ಳೂ ಅಲ್ಲ.

ಕೆಲಸ ಕೊಟ್ಟ ಲ್ಯಾಬಿನಲ್ಲಿ ಕೋಣೆಯ ಯಜಮಾನಿ ಧಾರವಾಡದ ಕಡೆಯ ಒಬ್ಬ ವಿಜ್ಞಾನಿ. ತಲೆ ಪೂರ್ತಿ ಬೆಳ್ಳಗಾಗಿದೆ, ಕಾಟನ್ ಸೀರೆಯ ಮೇಲೆ ಲ್ಯಾಬ್ ಕೋಟು. ನಾನು ಮೇಡಂ ಎನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಎನ್ನುತ್ತಿದ್ದರು. ಈ ಉಕ್ಕೇ ಏಕೆ ಬೇಕು ಎಂದು ನಾನು ಕೇಳಿದ ದಿನ ಅವರು ಕೈಯಲ್ಲಿದ್ದ ಕೆಲಸ ಬಿಟ್ಟು ಪಾಠಕ್ಕೆ ಕೂತರು. ನಮ್ಮ ಮೈಯಲ್ಲಿರುವ ಪೊಟ್ಯಾಸಿಯಂ ಬಹುಪಾಲು ಮಾಂಸಖಂಡಗಳಲ್ಲಿದೆ. ಅದರಲ್ಲೊಂದು ಚೂರು ತಾನಾಗಿಯೇ, ತೀರಾ ಸಣ್ಣದಾಗಿ ವಿಕಿರಣ ಸೂಸುತ್ತಿರುತ್ತದೆ. ಅದನ್ನು ಎಣಿಸಿದರೆ ಮೈಯಲ್ಲಿ ಮಾಂಸಖಂಡ ಎಷ್ಟು ಉಳಿದಿದೆ ಎಂದು ತಿಳಿಯುತ್ತದೆ, ಸೂಜಿ ಬೇಡ, ಕತ್ತರಿ ಬೇಡ. ಆದರೆ ಆ ಸಣ್ಣ ಪಿಸುಮಾತು ಕೇಳಬೇಕಾದರೆ ಸುತ್ತಲಿನ ಗದ್ದಲ ನಿಲ್ಲಬೇಕು. ಕಾಂಕ್ರೀಟು, ಮಣ್ಣು, ಇಟ್ಟಿಗೆ ಎಲ್ಲವೂ ಸದಾ ಒಂದಿಷ್ಟು ವಿಕಿರಣ ಸೂಸುತ್ತಲೇ ಇರುತ್ತವೆ. ಅದನ್ನು ತಡೆಯಲು ದಪ್ಪ ಉಕ್ಕಿನ ಕೋಣೆ ಬೇಕು. ಅಣುಬಾಂಬುಗಳು ಸಿಡಿದ ಮೇಲೆ ಗಾಳಿಗೆ ಸೇರಿದ ಧೂಳು ಆಮೇಲೆ ಕರಗಿಸಿದ ಉಕ್ಕಿಗೆ ಒಂದಷ್ಟು ಅಂಟಿಕೊಂಡಿತ್ತು. ಅದಕ್ಕೇ ಬಾಂಬಿಗೆ ಮುಂಚಿನ ಉಕ್ಕು, ಅದಕ್ಕೇ ಹಳೆಯ ಹಡಗು.

ಮೇಡಂ ಕೈಯಲ್ಲಿದ್ದ ಅಧ್ಯಯನ ಮಾಂಸಖಂಡ ಕರಗುವ ಕಾಯಿಲೆಯ ಒಂದು ಹೊಸ ಔಷಧಿಯದು. ಕುರ್ಚಿಯಿಂದ ಏಳಲೂ ಇನ್ನೊಬ್ಬರ ತೋಳು ಹಿಡಿಯಬೇಕಾದ ಹಿರಿಯರು ಅದಕ್ಕೆ ಹೆಸರು ಕೊಟ್ಟು ಕಾಯುತ್ತಿದ್ದರು, ಎಲ್ಲ ಈ ಕೊಲ್ಲಿಯ ಸುತ್ತಲಿನ ಬೇ ಏರಿಯಾದವರೇ. ಆಸ್ಪತ್ರೆಯ ಕಟ್ಟಡ ಕೆಡವುವುದು ಖಚಿತವಾಗಿತ್ತು. ಲ್ಯಾಬಿನ ಫೆಸಿಲಿಟಿ ಮ್ಯಾನೇಜರು ಕೋಣೆಗೆ ಜಾಗ ಕೊಡಲು ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಖಾಲಿ ಕೋಣೆಯಲ್ಲಿ ವಿಕಿರಣದ ಎಣಿಕೆ ಓಕ್ಲ್ಯಾಂಡಿನಲ್ಲಿ ಇದ್ದಷ್ಟಕ್ಕೇ ಇಳಿಯಬೇಕು. ಇಳಿಯದಿದ್ದರೆ ಉಕ್ಕು ಬಂದರಿನ ಹತ್ತಿರದ ಗುಜರಿಗೆ, ಅಧ್ಯಯನ ಬೇರೆ ರಾಜ್ಯಕ್ಕೆ. ಅಷ್ಟು ದೂರ ಹೋಗುವ ಶಕ್ತಿ ಇದ್ದಿದ್ದರೆ ಆ ಹಿರಿಯರಿಗೆ ಈ ಔಷಧಿಯೇ ಬೇಕಿರಲಿಲ್ಲ.

ಮೊದಲ ದಿನವೇ ಮೇಡಂ ಕಟ್ಟಪ್ಪಣೆ ಹೊರಡಿಸಿದರು.

"ನೋಡವಾ ತಂಗಿ, ಹೊಸಾದು ಒಂದು ತೂತು ಕೊರೀಬ್ಯಾಡ, ಒಂದು ಕಡೆ ವೆಲ್ಡಿಂಗ್ ಮಾಡಬ್ಯಾಡ. ಒಳಗ ತಿನ್ನೂ ಸಾಮಾನು ಬ್ಯಾಡ, ಧೂಳಾದ ಬೂಟು ಬ್ಯಾಡ. ಇದ್ದಂಗ ಬರಬೇಕು, ಇದ್ದಂಗ ನಿಂದರಬೇಕು."

ತೂತು ಕೊರೆಯುವ ಮಾತೇ ಇರಲಿಲ್ಲ. ಫಿರಂಗಿ ಗುಂಡು ತಡೆಯಲೆಂದೇ ಹದ ಮಾಡಿದ ಉಕ್ಕದು. ಮುಖದ ಕಡೆ ನಮ್ಮ ಡ್ರಿಲ್ಲಿನ ಮೊನೆ ಒಂದು ಗೀರು ಕೂಡ ಮೂಡಿಸುತ್ತಿರಲಿಲ್ಲ. ಹಿಂಬದಿಯಲ್ಲಿ ಹಡಗಿಗೆ ಬಿಗಿದಿದ್ದ ಬೋಲ್ಟಿನ ತೂತುಗಳು ಹಾಗೇ ಇದ್ದವು. ಹಿಂದೆ ಕೋಣೆ ಕಟ್ಟಿದವರು ಅವನ್ನೇ ಬಳಸಿ ಪ್ಲೇಟುಗಳನ್ನು ಒಂದಕ್ಕೊಂದು ಬಿಗಿದಿದ್ದರು. ನಾವೂ ಅವಕ್ಕೇ ಕೊಂಡಿ ಹಾಕಿ, ಚೈನ್ ಪುಲ್ಲಿಯಿಂದ ಒಂದೊಂದೇ ಪ್ಲೇಟು ಎತ್ತಿ, ಉರುಳೆಯ ಮೇಲೆ ಕೂರಿಸಿ, ಬಾಗಿಲ ತನಕ ತಂದೆವು. ಅಲ್ಲಿ ಮೊದಲ ಪೆಟ್ಟು ಬಿತ್ತು. ಪ್ಲೇಟು ನೆಲಮಾಳಿಗೆಯ ಬಾಗಿಲಿಗಿಂತ ದೊಡ್ಡದು. ಹಿಂದಿನವರು ಮೊದಲು ಕೋಣೆ ಕಟ್ಟಿ ಆಮೇಲೆ ಅದರ ಸುತ್ತ ಆಸ್ಪತ್ರೆಯ ಗೋಡೆ ಎಬ್ಬಿಸಿದ್ದರು. ಹೇಗೂ ಕೆಡವುವ ಕಟ್ಟಡ ಎಂದು ಗೋಡೆ ಒಡೆಯಲು ಅನುಮತಿ ಕೇಳಿದರೆ, ಕೆಡವುವ ಕಟ್ಟಡ ಆದ್ದರಿಂದಲೇ ಅನುಮತಿ ಕೊಡುವವರು ಯಾರೂ ಉಳಿದಿರಲಿಲ್ಲ. ಕೊನೆಗೂ ಸಿಕ್ಕ ಆ ಸಹಿಗಾಗಿ ಓಡಾಡಿದ್ದು ಒಂದು ಉಕ್ಕಿನ ಪ್ಲೇಟನ್ನು ಕೈಯಲ್ಲೇ ಹೊತ್ತಷ್ಟು ಆಯಾಸ ತಂದಿತು.

ಎತ್ತಿ ಇಳಿಸುವ ತಂಡದ ಮುಖ್ಯಸ್ಥನನ್ನು ನಾನು ಮೇಸ್ತ್ರಿ ಎಂದೇ ಕರೆಯುತ್ತಿದ್ದೆ. ಅವನಿಗೆ ಆ ಪದ ಇಷ್ಟವಾಗಿ ಹೆಲ್ಮೆಟ್ಟಿನ ಮೇಲೆ ಇಂಗ್ಲಿಷಿನಲ್ಲಿ ಬರೆಸಿಕೊಂಡಿದ್ದ. ವಲ್ಲೇಹೋ ಊರಿನವನು, ಅವನ ಅಜ್ಜ ಅಲ್ಲಿಯ ನೌಕಾಪಡೆಯ ಹಡಗುಕಟ್ಟೆಯಲ್ಲಿ ದುಡಿದವನು. ಯಾವ ಹಡಗನ್ನೂ 'ಅದು' ಎನ್ನಬಾರದು, 'ಅವಳು' ಎನ್ನಬೇಕು ಎಂದು ಅವನು ನಮಗೆ ಕಲಿಸಿದ. ಈ ವಯಸ್ಸಿಗೆ ಅವಳು ಎಂದರೆ ಮರ್ಯಾದೆ ಅಲ್ಲ ಎಂದು ನಾನೂ ಮೇಡಮ್ಮೂ ಮಾತಾಡಿಕೊಂಡು ಅಜ್ಜಿ ಎಂದೆವು. ತಂಡದವರೆಲ್ಲ ಅದನ್ನೇ ಹಿಡಿದರು.

ಅಜ್ಜಿಯ ಚರಿತ್ರೆಯನ್ನು ನಾನು ಸ್ಯಾನ್ ರಮೋನಿನ ಮನೆಯಲ್ಲಿ, ಲೈಬ್ರರಿಯಿಂದ ತಂದ ನೌಕಾ ಇತಿಹಾಸದ ಪುಸ್ತಕಗಳಲ್ಲಿ ಓದುತ್ತ ಹೋದೆ. ಮೊದಲ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ ಇಂಗ್ಲೆಂಡಿನ ಈಶಾನ್ಯದ ಒಂದು ನದೀದಂಡೆಯಲ್ಲಿ ಹುಟ್ಟಿದವಳು. ಕಲ್ಲಿದ್ದಲು ತಿಂದು ಓಡುವವಳು. ಇದ್ದಲು ತುಂಬುವ ದಿನ ಅಧಿಕಾರಿ, ನಾವಿಕ ಎಂಬ ಭೇದವಿಲ್ಲದೆ ಎಲ್ಲರೂ ಸಲಿಕೆ ಹಿಡಿಯಬೇಕಿತ್ತಂತೆ, ಬ್ಯಾಂಡಿನವರು ಪಕ್ಕದಲ್ಲಿ ನಿಂತು ಬಾರಿಸುತ್ತಿದ್ದರಂತೆ. ಯುದ್ಧದ ವರ್ಷಗಳಲ್ಲಿ ಅವಳ ಬಹುಪಾಲು ಕೆಲಸ ಸ್ಕಾಟ್ಲೆಂಡಿನ ಉತ್ತರದ ಚಳಿಯ ಬಂದರಿನಲ್ಲಿ ಕಾಯುವುದು, ಶತ್ರು ಹೊರಬಿದ್ದ ಸುದ್ದಿ ಬಂದರೆ ಮಂಜಿನೊಳಗೆ ಹೊರಡುವುದು, ಯಾರೂ ಸಿಗದೆ ಮರಳುವುದು. ಉತ್ತರ ಸಮುದ್ರದಲ್ಲಿ ಶತ್ರುವಿನ ಪಡೆ ಕೊನೆಗೂ ಎದುರಾದ ದೊಡ್ಡ ಕದನದ ಸಂಜೆ ಸಾಲಿನಲ್ಲಿ ತನ್ನ ಜಾಗ ಬಿಡದೆ ನಿಂತು, ಹೊಗೆಯಲ್ಲಿ ಕಂಡಷ್ಟಕ್ಕೆ ಗುಂಡು ಹಾರಿಸಿ ಬಂದಳು. ಒಮ್ಮೆ ಶತ್ರು ನೀರಿನಡಿ ಹುದುಗಿಸಿಟ್ಟಿದ್ದ ಸಿಡಿಗುಂಡು ತಾಗಿ ಪಕ್ಕೆ ಬಿರಿಯಿತು. ನೀರು ನುಗ್ಗುತ್ತಿದ್ದರೂ ತನ್ನ ಉಗಿಯಿಂದಲೇ ಕುಂಟುತ್ತ ಬಂದರು ಸೇರಿದಳು. ಅಲ್ಲಿ ಒಡೆದ ಪ್ಲೇಟು ತೆಗೆದು ಹೊಸದು ಹಾಕಿದರು.

ಯುದ್ಧ ಮುಗಿದು, ದೇಶಗಳು ಯುದ್ಧನೌಕೆಗಳ ಸಂಖ್ಯೆ ಇಳಿಸಲು ಒಪ್ಪಂದ ಮಾಡಿಕೊಂಡಾಗ ಅವಳ ಜೊತೆಯವರನ್ನೆಲ್ಲ ಒಡೆದು ಹಾಕಿದರು. ಇವಳ ಕೆಲವು ಫಿರಂಗಿಗಳನ್ನು ಕಿತ್ತು ಹೊಸಬರಿಗೆ ಕೆಲಸ ಕಲಿಸುವ ಹಡಗು ಮಾಡಿದರು. ಎರಡನೆಯ ಯುದ್ಧದಲ್ಲಿ ಬಂದರಿನಲ್ಲಿ ಲಂಗರು ಹಾಕಿ ನಿಂತು ನಾವಿಕರಿಗೆ ಮನೆಯಾದಳು. ಆಮೇಲೆ ಸ್ಕಾಟ್ಲೆಂಡಿನ ಒಡೆಯುವ ಕಟ್ಟೆ, ಅಲ್ಲಿಂದ ಕೆಲವು ಪ್ಲೇಟು ಓಕ್ಲ್ಯಾಂಡಿಗೆ. ಶೌರ್ಯದ ಕಥೆ ಓದುತ್ತೇನೆ ಎಂದುಕೊಂಡು ಕೂತ ನನಗೆ ಸಿಕ್ಕಿದ್ದು ಕಾದು, ತಡೆದು, ಕಲಿಸಿ ಸವೆದ ಒಂದು ಜೀವ. ನನಗೆ ಅವಳ ಮೇಲೆ ನಿಜವಾಗಿ ಪ್ರೀತಿ ಹುಟ್ಟಿತು. ಮಗಳು ಬಂದು "ಅಮ್ಮಾ, ಆರ್ ಯು ಕ್ರೈಯಿಂಗ್ ಫಾರ್ ಎ ಶಿಪ್" ಎಂದು ಕೇಳಿದಳು. ಈರುಳ್ಳಿ ಹೆಚ್ಚಿದೆ ಎಂದೆ.

ಪ್ಲೇಟುಗಳು ಸ್ಯಾನ್ ಮಟೇಓ ಸೇತುವೆ ದಾಟಿ, ಬಟ್ಟೆ ಹೊದ್ದು ಒಂದೊಂದಾಗಿ ಬಂದವು. ಹೊಸ ಜಾಗದ ನೆಲವನ್ನು ಮಟ್ಟ ಮಾಡಿ, ಮೊದಲು ನೆಲದ ಪ್ಲೇಟು, ಆಮೇಲೆ ಗೋಡೆ. ಒಂದು ಸಾಲಿನ ಸಂದು ಇನ್ನೊಂದರ ಸಂದಿಗೆ ನೇರ ಬರದಂತೆ ಇಟ್ಟಿಗೆ ಜೋಡಿಸಿದ ಹಾಗೆ ಜೋಡಿಸಬೇಕು, ಇಲ್ಲವಾದರೆ ಹೊರಗಿನ ವಿಕಿರಣ ಸಂದಿಯಲ್ಲಿ ನುಸುಳುತ್ತದೆ. ಬಾಗಿಲೆಂದರೆ ಗೋಡೆಗೆ ಹೊರಗಿನಿಂದ ಅಂಟಿಕೊಂಡು ಹಳಿಯ ಮೇಲೆ ಸರಿಯುವ ಒಂದೇ ಪ್ಲೇಟು. ಅದರ ಚೌಕಟ್ಟು ನಿಲ್ಲಿಸುವ ದಿನ ಬೆಳಿಗ್ಗೆ ಮೇಡಂ ಒಂದು ಚೀಲ ಹಿಡಿದು ಬಂದರು. ಅರಿಶಿನ, ಕುಂಕುಮ, ಹೂವು, ತೆಂಗಿನಕಾಯಿ, ಜೊತೆಗೆ ಹಳದಿ ಬಟ್ಟೆಯಲ್ಲಿ ಕಟ್ಟಿದ ನವಧಾನ್ಯ, ಒಂದೊಂದು ಕಾಳೂ ಒಂದೊಂದು ಹಿಡಿ.

"ಮಂದಿ ಮಲಗೂ ಖೋಲಿ ಅದ. ಬಾಗಲಾ ನಿಲ್ಲಸೂ ಮುಂದ ಶಾಸ್ತ್ರ ಮಾಡಲಿಲ್ಲಂದ್ರ ನನ್ನ ಮನಸ್ಸಿಗೆ ಸಮಾಧಾನ ಇಲ್ಲ," ಎಂದರು.

ನಮ್ಮ ಕಡೆಯೂ ಮನೆ ಕಟ್ಟುವಾಗ ತಲೆಬಾಗಿಲು ನಿಲ್ಲಿಸುವ ದಿನ ಕಾಳಿನ ಗಂಟು ಕಟ್ಟುತ್ತಾರೆ, ಹಾಗಾಗಿ ನನಗೇನೂ ವಿಚಿತ್ರ ಎನಿಸಲಿಲ್ಲ. ಮೇಸ್ತ್ರಿ ಕ್ರೇನು ನಿಲ್ಲಿಸಿ, ಹೆಲ್ಮೆಟ್ಟು ತೆಗೆದು ಕೈಯಲ್ಲಿ ಹಿಡಿದು ನಿಂತ. ಅವನ ತಂಡವೂ ನಿಂತಿತು. ಕಾಯಿ ಒಡೆದದ್ದು ಅಂಗಳದಲ್ಲಿ. ಅರಿಶಿನ ಕುಂಕುಮ ಹಚ್ಚಿದ್ದು ಉಕ್ಕಿಗಲ್ಲ, ಕ್ರೇನಿಗೆ. ಕಾಳಿನ ಗಂಟನ್ನು ಚೌಕಟ್ಟಿನ ಹೊರಮೈಗೆ ಕಟ್ಟಿಸಿ, ಒಳಗೆ ಮಾತ್ರ ಏನೂ ಹೋಗಬಾರದು ಎಂದು ಮೇಡಂ ನನಗೆ ಇನ್ನೊಮ್ಮೆ ಹೇಳಿದರು. ಪ್ರಸಾದ ಹಂಚಿದ ಮೇಲೆ ನಾನು ಉಳಿದ ಪ್ಲೇಟುಗಳನ್ನು ಹೇರಿಸಲು ಓಕ್ಲ್ಯಾಂಡಿಗೆ ಹೊರಟೆ, ಅವರು ಮೀಟಿಂಗಿಗೆ ಹೋದರು. ಮರುದಿನ ಬಂದಾಗ ಗಂಟು ಅಲ್ಲಿರಲಿಲ್ಲ. ಮೇಡಂ ಬಿಚ್ಚಿರಬೇಕು ಎಂದು ನಾನು, ನಾನು ಬಿಚ್ಚಿರಬೇಕು ಎಂದು ಅವರು. ಇಬ್ಬರೂ ಕೇಳಲಿಲ್ಲ.

ಸೂರು ಮುಚ್ಚಿ, ಯಂತ್ರ ಕೂರಿಸಿ, ಖಾಲಿ ಕೋಣೆಯ ಎಣಿಕೆ ಶುರುವಾಯಿತು. ಪರದೆಯ ಮೇಲೆ ಒಂದೊಂದು ವಸ್ತುವಿಗೂ ಅದರದೇ ಜಾಗವಿದೆ. ಆ ವಸ್ತು ಇದ್ದರೆ ಆ ಜಾಗದಲ್ಲಿ ಗೆರೆ ಗುಡ್ಡದ ಹಾಗೆ ಏಳುತ್ತದೆ. ಉಳಿದ ಜಾಗಗಳೆಲ್ಲ ಓಕ್ಲ್ಯಾಂಡಿನಲ್ಲಿ ಇದ್ದಂತೆಯೇ ಶಾಂತವಾಗಿದ್ದವು. ಪೊಟ್ಯಾಸಿಯಂ ಜಾಗದಲ್ಲಿ ಮಾತ್ರ ಗುಡ್ಡ ಎದ್ದಿತ್ತು. ಖಾಲಿ ಮಂಚದ ಮೇಲೆ ಯಾರೋ ಮಲಗಿದ್ದಾರೆ ಎಂದು ಯಂತ್ರ ಹೇಳುತ್ತಿತ್ತು. ಮೇಡಂ ಮತ್ತೆ ಎಣಿಸಿದರು, ಮತ್ತೆ ಅದೇ ಬಂತು.

ಮ್ಯಾನೇಜರು ಕರೆಸಿದ ಒಬ್ಬ ಸಲಹೆಗಾರ ಬಂದು ಪ್ಲೇಟುಗಳನ್ನೆಲ್ಲ ಟಾರ್ಚು ಹಿಡಿದು ನೋಡಿದ. ಒಂದರ ಮೇಲೆ ಮಾತ್ರ ಮುದ್ರೆ ಬೇರೆ ಥರ ಇದ್ದದ್ದು ಕಂಡು, ಇದು ಹಡಗಿನ ಮೂಲ ಪ್ಲೇಟಲ್ಲ, ಯಾವಾಗಲೋ ಸೇರಿದ ಹೊಸ ಉಕ್ಕು, ದೋಷ ಇದರದೇ ಎಂದು ತೀರ್ಪು ಕೊಟ್ಟ. ಅಜ್ಜಿಯ ಮೇಲೆ ಗೂಬೆ ಕೂರಿಸಿದ್ದು ನನಗೆ ಉರಿಯಿತು. ಅದು ಸಿಡಿಗುಂಡು ತಾಗಿದ ಮೇಲೆ ಹಾಕಿದ ಪ್ಲೇಟು, ಮೊದಲ ಯುದ್ಧ ನಡೆಯುತ್ತಿದ್ದಾಗಿನದು, ಬಾಂಬಿಗೆ ಎಷ್ಟೋ ಮುಂಚಿನದು ಎಂದು ಓದಿದ್ದನ್ನೆಲ್ಲ ಹೇಳಿದೆ. ಹೊಸ ಉಕ್ಕಾದರೆ ಗುಡ್ಡ ಏಳಬೇಕಾದದ್ದು ಅಂಥ ಉಕ್ಕಿನಲ್ಲಿ ಬೆರೆತಿರುವ ಕೋಬಾಲ್ಟಿನ ಜಾಗದಲ್ಲಿ, ಉಕ್ಕಿನಲ್ಲಿ ಪೊಟ್ಯಾಸಿಯಂ ಎಲ್ಲಿಂದ ಬರುತ್ತದೆ ಎಂದು ಮೇಡಂ ಕೇಳಿದರು. ಆತ ಜಾಣ, ತಕ್ಷಣ ಮಾತು ತಿರುಗಿಸಿದ. ಹಾಗಾದರೆ ಹೊರಗಿನ ಕಾಂಕ್ರೀಟಿನ ಪೊಟ್ಯಾಸಿಯಂ ಸಂದಿಯಲ್ಲಿ ನುಸುಳುತ್ತಿದೆ, ಜೋಡಣೆ ಸರಿಯಿಲ್ಲ ಎಂದ. ಅದು ನನ್ನ ಕೆಲಸಕ್ಕೆ ಬಿದ್ದ ಏಟು, ಅಲ್ಲಗಳೆಯುವಂತೆಯೂ ಇರಲಿಲ್ಲ. ಒಂದು ಮೂಲೆ ಪೂರ್ತಿ ಬಿಚ್ಚಿ, ಕೂದಲೆಳೆ ಹೋಗದಷ್ಟು ಬಿಗಿಯಾಗಿ ಮತ್ತೆ ಕೂರಿಸಿದೆವು. ಮೇಸ್ತ್ರಿಯ ಹುಡುಗರ ಬೆನ್ನು ಬಿದ್ದುಹೋಯಿತು, ಗುಡ್ಡ ಒಂದಿಂಚೂ ಇಳಿಯಲಿಲ್ಲ.

ಮ್ಯಾನೇಜರು ಕೆಟ್ಟ ಮನುಷ್ಯನಲ್ಲ. ಆದರೆ ಅವನಿಗೂ ಮೇಲಿನವರಿದ್ದಾರೆ. ವಾರದ ಕೊನೆಗೆ ಪರಿಶೀಲನೆ ಇದೆ, ಅಷ್ಟರಲ್ಲಿ ಆಗದಿದ್ದರೆ ಗುಜರಿಯವರನ್ನು ಕರೆಸುತ್ತೇನೆ ಎಂದು ಸಂಕೋಚದಿಂದಲೇ ಹೇಳಿದ. ಅವನು ಹೋದ ಮೇಲೆ ಮೇಡಂ ಕೋಣೆಯ ಮಂಚದ ಮೇಲೆ ಹೋಗಿ ಕೂತರು.

"ಆ ಹಿರ್ಯಾರಿಗೆಲ್ಲಾ ನಾನ ಫೋನ್ ಮಾಡಿ ಹೇಳಬೇಕಲ್ಲವಾ ತಂಗಿ, ಆಗಂಗಿಲ್ಲಂತ," ಎಂದರು.

ಉಳಿದ ಮೂರು ಮೂಲೆಗಳನ್ನೂ ಬಿಚ್ಚಲು ತಂಡ ತಯಾರಾಗಿ ನಿಂತಿತ್ತು. ನಾನು ಬೇಡ ಎಂದೆ. ಓಕ್ಲ್ಯಾಂಡಿನಲ್ಲಿ ಅಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದ ಉಕ್ಕು ಸೇತುವೆ ದಾಟಿದ ಕೂಡಲೇ ಕೆಡಲು ಸಾಧ್ಯವಿಲ್ಲ. ಅಜ್ಜಿ ಹಳಬಳು, ಹೊಸಬರು ನಾವು. ಗೋಡೆಯನ್ನು ಮುಟ್ಟುವುದು ಬೇಡ, ಇಲ್ಲಿಗೆ ಬಂದ ಮೇಲೆ ನಾವು ಹೊಸದಾಗಿ ಏನೇನು ಒಳಗೆ ತಂದೆವೋ ಅದನ್ನೆಲ್ಲ ಒಂದೊಂದಾಗಿ ಹೊರಗೆ ಹಾಕಿ ಎಣಿಸೋಣ ಎಂದು ತೀರ್ಮಾನ ಮಾಡಿದೆ. ಇದು ತಪ್ಪಿದರೆ ಗೋಡೆ ಬಿಚ್ಚಲು ಸಮಯ ಉಳಿಯುವುದಿಲ್ಲ ಎಂದು ಗೊತ್ತಿತ್ತು. ಮೇಡಂ ನನ್ನ ಮುಖ ನೋಡಿ, ಆಗಲಿ ಎಂದು ತಲೆಯಾಡಿಸಿದರು.

ಮೊದಲು ಹೊಸ ದೀಪ ತೆಗೆದೆವು, ಗುಡ್ಡ ಅಲ್ಲೇ ಇತ್ತು. ಹಾಸಿಗೆ ತೆಗೆದೆವು, ಬಾಗಿಲ ಅಂಚಿನ ರಬ್ಬರು ತೆಗೆದೆವು, ಆಗಲೂ ಅಲ್ಲೇ. ಪ್ರತಿ ಸಲ ಎಣಿಕೆ ಮುಗಿಯುವ ತನಕ ಕಾಯಬೇಕು, ಅಷ್ಟು ಹೊತ್ತೂ ಮೇಸ್ತ್ರಿ ಕಾರಿಡಾರಿನಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದ. ಇನ್ನು ಉಳಿದದ್ದು ಹೊಸ ಕೇಬಲ್ಲು. ಅದು ಚೌಕಟ್ಟಿನ ಮೇಲೆ, ಕೋಣೆಯ ಒಳಬದಿಯ ಒಂದು ಗೂಡಿನಲ್ಲಿ ಹಾದುಹೋಗುತ್ತದೆ. ಗೂಡಿಗೆ ತಗಡಿನ ಮುಚ್ಚಳ. ಮೇಸ್ತ್ರಿ ಏಣಿ ಹತ್ತಿ ಸ್ಕ್ರೂ ಬಿಚ್ಚುತ್ತ, ಮುಚ್ಚಳ ತೆಗೆಯುವಾಗ ಕೆಳಗೆ ಕೈ ಹಿಡಿದುಕೊಳ್ಳಿ, ನಿಮ್ಮ ಗಂಟು ಬಿದ್ದೀತು ಎಂದ.

ನಾನು ಮೇಡಂ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು.

ಹಳದಿ ಗಂಟು ಗೂಡಿನೊಳಗೆ, ಕೆಳಗೆ ಮೆತ್ತನೆಯ ಬಟ್ಟೆ ಹಾಸಿಸಿಕೊಂಡು, ತೊಟ್ಟಿಲಲ್ಲಿ ಕೂಸಿನಂತೆ ಕೂತಿತ್ತು. ಆ ದಿನ ನಾವಿಬ್ಬರೂ ಹೊರಟ ಮೇಲೆ ಮೇಸ್ತ್ರಿ ಬಾಗಿಲನ್ನು ಹಳಿಯ ಮೇಲೆ ಸರಿಸಲು ಹೋಗಿದ್ದಾನೆ. ಬಾಗಿಲ ಪ್ಲೇಟು ಬಂದು ಒತ್ತುವ ಜಾಗದಲ್ಲೇ ಗಂಟು ನೇತಾಡುತ್ತಿತ್ತು. ಇಬ್ಬರು ಹೆಂಗಸರು ಕಣ್ಣು ಮುಚ್ಚಿ ಕೈ ಮುಗಿದು ಕಟ್ಟಿದ್ದು, ಅರೆದು ಹಿಟ್ಟಾಗಲು ಬಿಡಬಾರದು, ಕಸಕ್ಕೂ ಹಾಕಬಾರದು. ಅವನಿಗೆ ಕಂಡ ಅತ್ಯಂತ ಭದ್ರವಾದ ಜಾಗ ಆ ಗೂಡು. ತಿನ್ನುವ ಸಾಮಾನು ಒಳಗೆ ಬೇಡ ಎಂಬುದು ಅವನಿಗೂ ಗೊತ್ತಿತ್ತು. ಆದರೆ ಇದು ಊಟ ಎಂದು ಅವನಿಗೆ ಹೊಳೆಯಲೇ ಇಲ್ಲ, ದೇವರ ವಸ್ತು ಎಂದುಕೊಂಡಿದ್ದ.

ಕಡಲೆ, ಹೆಸರು, ಉದ್ದು, ಹುರುಳಿ, ಅವರೆ. ಕಾಳೆಂದರೆ ಪೊಟ್ಯಾಸಿಯಂ ಗಣಿ ಎಂದು ಜಗತ್ತಿಗೆಲ್ಲ ಪಾಠ ಹೇಳಬಲ್ಲ ವಿಜ್ಞಾನಿ ಆ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಆಮೇಲೆ ಅವರಿಗೆ ನಗು ಬಂತು. ನಕ್ಕು ನಕ್ಕು ಕಣ್ಣೀರು ಬಂದು ಸೀರೆಯ ಸೆರಗಿನಿಂದ ಒರೆಸಿಕೊಂಡರು. ವಿಷಯ ತಿಳಿದ ಮೇಸ್ತ್ರಿಯ ಮುಖ ಸಣ್ಣದಾಗಿ, ಕ್ಷಮಿಸಿ ಎಂದು ಮತ್ತೆ ಮತ್ತೆ ಹೇಳುತ್ತಿದ್ದ. ಮೇಡಂ ಅವನ ಭುಜ ತಟ್ಟಿ, ನಾವು ಕಟ್ಟಿದ್ದನ್ನು ನಮಗಿಂತ ಜೋಪಾನ ಮಾಡಿದವನು ನೀನೊಬ್ಬನೇ ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಗಂಟಿಲ್ಲದೆ ಎಣಿಸಿದಾಗ ಗುಡ್ಡ ಮಲಗಿತ್ತು. ಓಕ್ಲ್ಯಾಂಡಿನ ಗೆರೆಯನ್ನು ಇದರ ಮೇಲೆ ಇಟ್ಟರೆ ಎರಡೂ ಒಂದೇ ಗೆರೆಯಂತೆ ಕಂಡವು. ಪರಿಶೀಲನೆಗೆ ಬರುವವರಿಗೆ ಇದಿಷ್ಟೇ ತೋರಿಸಿ, ನಮ್ಮ ಕಾಳಿನ ಸುದ್ದಿ ಎತ್ತದೆ ಸುಮ್ಮನಿರೋಣ ಎಂದು ನಾನು ಹೇಳಿದೆ. ಮರ್ಯಾದೆ ಪ್ರಶ್ನೆ. ಮೇಡಂ ಕೇಳಲಿಲ್ಲ. ಮ್ಯಾನೇಜರು ಮತ್ತು ಅವನ ಮೇಲಿನವರು ಬಂದು ಕೂತಾಗ ಮೊದಲು ಖಾಲಿ ಕೋಣೆಯ ಗೆರೆ ತೋರಿಸಿದರು. ಆಮೇಲೆ ಗಂಟನ್ನು ಮಂಚದ ಮೇಲಿಟ್ಟು, ಬಾಗಿಲು ಸರಿಸಿ, ಅವರ ಕಣ್ಣೆದುರೇ ಎಣಿಕೆ ಶುರು ಮಾಡಿದರು. ಗುಡ್ಡ ನಿಧಾನವಾಗಿ, ಪೊಟ್ಯಾಸಿಯಂ ಜಾಗದಲ್ಲಿ ಮಾತ್ರ, ಎದ್ದು ನಿಂತಿತು. ಇದೇನು ಎಂದು ಅವರು ಕೇಳಿದಾಗ ಮೇಡಂ ಗಂಟು ತಂದು ಮೇಜಿನ ಮೇಲೆ ಬಿಚ್ಚಿದರು. ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದರು. ಮೇಲಿನವರಲ್ಲಿ ಒಬ್ಬರು ಒಂದು ಕಡಲೆ ಕಾಳನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು.

ಮೇಡಂ ನನ್ನ ಕಡೆ ತಿರುಗಿ, ಅವರಿಗೆ ತಿಳಿಯದಿದ್ದರೂ ಪರವಾಗಿಲ್ಲ ಎಂಬಂತೆ, ಕನ್ನಡದಲ್ಲೇ ಅಂದರು.

"ಒಂದು ಗಂಟು ಕಾಳು ಬಚ್ಚಿಟ್ಟಿದ್ದು ಈ ಅಜ್ಜಿಗೆ ಗೊತ್ತಾಗ್ತದಂದ್ರ, ಮನಷ್ಯಾರ ಮೈಯಾಗಿನ ಶಕ್ತಿ ಹೋದದ್ದು, ತಿರುಗಿ ಬಂದದ್ದು, ಗೊತ್ತಾಗಂಗಿಲ್ಲೇನು?"

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಹೇಳಿ ಮುಗಿಸಿ ಕಣ್ಣು ಒರೆಸಿಕೊಂಡೆ, ಈ ಸಲ ಈರುಳ್ಳಿಯ ನೆಪ ಇರಲಿಲ್ಲ. ಗುಜರಿಯವರ ಮಾತು ಮತ್ತೆ ಯಾರೂ ಎತ್ತಲಿಲ್ಲ. ಮ್ಯಾನೇಜರು ಕೇಳಿದ್ದು ಒಂದೇ ಪ್ರಶ್ನೆ. ಯಂತ್ರ ಸರಿಯಾಗಿದೆ ಎಂದು ದಿನಾ ಪರೀಕ್ಷೆ ಮಾಡಲು ನೀವು ಏನೋ ಒಂದನ್ನು ಬಳಸಲೇಬೇಕಲ್ಲವೇ, ಇದನ್ನೇ ಏಕೆ ಬಳಸಬಾರದು ಎಂದ.

ಮೊದಲ ರೋಗಿ ಬಂದ ದಿನ ನಾನೂ ರಜೆ ಹಾಕಿ ಹೋಗಿದ್ದೆ. ಹೆಂಡತಿಯ ತೋಳು ಹಿಡಿದು ಬಂದ ಒಬ್ಬ ಹಿರಿಯರು. ಮೇಸ್ತ್ರಿ ಕೂಡ ಬಂದಿದ್ದ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು. ಬಾಗಿಲು ಸರಿಸುವ ಗುಂಡಿ ಒತ್ತಲು ಮೇಡಂ ಅವನಿಗೇ ಹೇಳಿದರು. ಅದಕ್ಕೂ ಮುಂಚೆ ಅವನು ಹುಳು ಹಿಡಿಯದಂತೆ ಡಬ್ಬಿಯಲ್ಲಿ ಹಾಕಿಟ್ಟಿದ್ದ ಹಳದಿ ಗಂಟನ್ನು ತಂದು ಮಂಚದ ಮೇಲಿಟ್ಟ. ಈಗಲೂ ಆ ಲ್ಯಾಬಿನಲ್ಲಿ ದಿನಾ ಬೆಳಿಗ್ಗೆ ಮೊದಲು ಒಳಗೆ ಹೋಗುವುದು ಆ ಗಂಟೇ. ಅಜ್ಜಿ ಕಾಳು ಎಣಿಸಿ ಹೇಳಿದ ಮೇಲೆ ಮನುಷ್ಯರ ಸರದಿ.